ಮೂರನೇ ಸಾಲಿನವಳು

ಎರಡು ತಿಂಗಳ ಪಿಂಚಣಿ ಸುರಿದು ತರಿಸಿದ್ದಾನೆ ಕಾಲ್ಯು
ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಡಬ್ಬಿ.
ಒಳಗೆ ಹತ್ತಿಯ ಮೇಲೆ ಕಾರ್ಟ್ರಿಡ್ಜು,
ಉದುರಿದ ಹಾಲುಹಲ್ಲಿನ ಹಾಗೆ.
"ಹಳೆಯದಕ್ಕೇನು ಬಂದಿತ್ತು ರೋಗ?" ಅಂದೆ.
ಹಾಪ್ಸಾಲುವಿನ ಕೊಲ್ಲಿ ಇನ್ನೂ ಅರ್ಧ ಹೆಪ್ಪುಗಟ್ಟಿರುವ ಮಾರ್ಚ್,
ಸೌದೆಗೆ ಕಾಸಿಲ್ಲ, ಇವನಿಗೆ ಸೂಜಿಯ ಶೋಕಿ.

ವಿವರಿಸಿದ, ನನಗಲ್ಲ, ಎದುರಿನ ಗೋಡೆಗೆ:
ಹಳೆಯದರಲ್ಲಿ ಅಯಸ್ಕಾಂತ ಅಲುಗುತ್ತಿತ್ತಂತೆ,
ಸುರುಳಿ ಸುಮ್ಮನೆ ಕೂತಿರುತ್ತಿತ್ತಂತೆ.
ಇದರಲ್ಲಿ ಅಯಸ್ಕಾಂತ ಕೂತಲ್ಲೇ ಕಲ್ಲು.
ಕೂದಲಿಗಿಂತ ತೆಳ್ಳನೆಯ ತಂತಿಯ ಸುರುಳಿ
ಸೂಜಿಯ ಬೆನ್ನೇರಿ ತಾನೇ ಕುಣಿಯುತ್ತದೆ.
"ಹಗುರ, ಮಾಯ್ಮು. ಅದಕ್ಕೇ ಇದಕ್ಕೆ ಎಲ್ಲ ಕೇಳುತ್ತದೆ."
ಎಲ್ಲ ಅಂದರೆ? ನಾನು ಕೇಳಲಿಲ್ಲ.
ಈರುಳ್ಳಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಎರಡು ಕನ್ನಡಕ ಒಂದರ ಮೇಲೊಂದು.
ಕೆಂಪು, ಹಸಿರು, ನೀಲಿ, ಬಿಳಿ,
ನಾಲ್ಕು ಎಳೆ ತಂತಿಗೆ ಒಂದು ಮಧ್ಯಾಹ್ನ.
ಕಬ್ಬಿಣದ ಸ್ಕ್ರೂಡ್ರೈವರನ್ನು ಅಯಸ್ಕಾಂತ ಸರಕ್ಕನೆ ಎಳೆದಾಗ
ಸೂಜಿ ಮುರಿಯಿತೆಂದೇ ಇಬ್ಬರೂ ಕಣ್ಣು ಮುಚ್ಚಿದೆವು.
ಮುರಿದಿರಲಿಲ್ಲ.
ಅಯ್ಯೋ ಅನ್ನಿಸಿತೋ, ಸದ್ಯ ಅನ್ನಿಸಿತೋ, ಹೇಳಲಾರೆ.

ಯಾಕೆಂದರೆ ಗೊತ್ತಿತ್ತು ಯಾವ ತಟ್ಟೆ ಮೊದಲು ತೆಗೆಯುತ್ತಾನೆಂದು.
ಎಪ್ಪತ್ತಾರರದು, ಮೀನಿನ ಕಾರ್ಖಾನೆಯ ಗಾಯಕವೃಂದ.
ಅದನ್ನು ಕೇಳಿಯೇ ನನ್ನನ್ನು ಮದುವೆಗೆ ಕೇಳಿದ್ದ.
ಬಂದ ನೆಂಟರಿಗೆಲ್ಲ, ಮೀಟರು ನೋಡಲು ಬಂದ ಹುಡುಗನಿಗೂ,
"ಈಗ, ಈಗ ಬರುತ್ತದೆ, ಮೂರನೇ ಸಾಲು,
ಆ ಜೇನಿನಂಥ ಎಳೆ ನಮ್ಮ ಮಾಯ್ಮುದು!"

ಆ ಎಳೆ ಹೆಲ್ವೆಯದು.
ಧ್ವನಿಮುದ್ರಣದ ದಿನ ಪ್ರೀದಿಕ್ ಮಾಸ್ತರು ನನ್ನ ಹತ್ತಿರ ಬಂದು
ಕಿವಿಯಲ್ಲಿ ಹೇಳಿದ್ದರು, ಬೈಗುಳವೂ ಅಲ್ಲದ ಹಾಗೆ:
"ನೀನು ಬಾಯಿ ತೆರೆದು ಮುಚ್ಚಿದರೆ ಸಾಕು, ಮಗಳೇ,
ನಮ್ಮ ಮೀನಿನ ಹಾಗೆ."
ತೆರೆದೆ, ಮುಚ್ಚಿದೆ. ಪಕ್ಕದಲ್ಲಿ ಹೆಲ್ವೆಯ ತೋಳು
ನನ್ನ ತೋಳಿಗೆ ತಾಗಿ ನಡುಗುತ್ತಿತ್ತು.
ಹೇಳಬಹುದಿತ್ತು ಇವನಿಗೆ. ಮೊದಲ ವರ್ಷ ನಾಚಿಕೆ,
ಆಮೇಲೆ ಮಗು, ಆಮೇಲೆ ಸರದಿ ಸಾಲು, ಆಮೇಲೆ
ಆ ಕಂಠ ನನ್ನದೇ ಅನ್ನಿಸತೊಡಗಿತ್ತು.

ಮೊದಲು ಬರೀ ಗುಂಯ್ ಅಂತು.
ಇದರ ದನಿ ಬಹಳ ಸಣ್ಣದಂತೆ, ಎತ್ತಿ ಕೊಡಲು
ಮತ್ತೊಂದು ಟ್ರಾನ್ಸ್‌ಫಾರ್ಮರು (ಅದರ ಬೆಲೆ ಹೇಳಿರಲಿಲ್ಲ).
ಭೂಮಿತಂತಿಯನ್ನು ನಲ್ಲಿಯ ಕೊಳವೆಗೆ ಸುತ್ತಿದ.
ಗುಂಯ್ ನಿಂತಿತು.
ಅಷ್ಟು ನಿಶ್ಶಬ್ದ ನಮ್ಮ ಮನೆಯಲ್ಲಿ ಇದೆಯೆಂದು ತಿಳಿದಿರಲಿಲ್ಲ.

ಸೂಜಿ ಇಳಿಯಿತು.
ಯಾರೋ ಕಾಲು ಸರಿಸಿದರು, ನಲವತ್ತೆಂಟು ವರ್ಷದ ಹಿಂದೆ.
ಮಾಸ್ತರ ಅಂಗಿಯ ತೋಳು ಸರ್ರೆಂದಿತು.
ಇಪ್ಪತ್ತಾರು ಹೆಂಗಸರು ಒಟ್ಟಿಗೆ ಉಸಿರೆಳೆದರು.
ಹಾಡು ಎದ್ದಿತು.
ಮೂರನೇ ಸಾಲು ಬಂತು, ಜೇನು ಬಂತು.
ಜೇನಿನೊಳಗೆ ಸ್ವಲ್ಪ ತೊದಲು, 'ಸ' ಬಂದಲ್ಲಿ ಒಂದು ಸಣ್ಣ ಸಿಳ್ಳೆ.
ಮುಂದಿನ ಹಲ್ಲು ಮುರಿದವಳ ಸಿಳ್ಳೆ.
ಊರಿಗೆಲ್ಲ ಗೊತ್ತು ಅದು ಯಾರ ಹಲ್ಲೆಂದು.

ಕಾಲ್ಯು ತೋಳನ್ನೆತ್ತಿದ. ಕನ್ನಡಕ ಒರೆಸಿದ,
ಮೊದಲು ಒಂದು, ಆಮೇಲೆ ಇನ್ನೊಂದು.
ನಾನು ಬಾಣಲೆಯನ್ನೇ ನೋಡುತ್ತಿದ್ದೆ.
"ನಿನ್ನದು ಯಾವುದು?" ಅಂದ.
"ಉಸಿರು," ಅಂದೆ. "ಎಲ್ಲರ ಜೊತೆ ಎಳೆದೆ.
ಆಮೇಲೆ ಹಿಡಿದುಕೊಂಡೆ."

ಮತ್ತೆ ಮೊದಲಿಗೆ ಇಟ್ಟ ಸೂಜಿಯನ್ನು.
ಕಾಲು ಸರಿದದ್ದು, ಅಂಗಿಯ ಸರ್ರು, ಉಸಿರು.
ಅಲ್ಲಿಗೇ ಎತ್ತಿದ. ಮತ್ತೆ ಇಟ್ಟ. ಮತ್ತೆ ಎತ್ತಿದ,
ಇಪ್ಪತ್ತಾರರಲ್ಲಿ ಒಂದನ್ನು ಹೆಕ್ಕುವವನ ಹಾಗೆ ತಲೆ ವಾಲಿಸಿ.
ಈರುಳ್ಳಿ ಸೀದಿತ್ತು.
ಗುರುವಾರ ಹೆಲ್ವೆ ಮೊಟ್ಟೆ ತರುತ್ತಾಳೆ.
ಅವಳೊಡನೆ ಏನು ಮಾತಾಡುತ್ತಾನೋ ನೋಡಬೇಕು.